ಸೊನ್ನೆ ಫಲಿತಾಂಶ

ಯಂಗ್ಸ್‌ಟೌನಿನ ಎರಡು ವರ್ಷದ ಕಾಲೇಜು. ನೆಲಮಾಳಿಗೆಯ ಲೈಬ್ರರಿ.
ಇಪ್ಪತ್ತೆರಡು ವರ್ಷದಿಂದ ಈ ಮೇಜು ನನ್ನದು,
ಇದರ ಕುಂಟುಕಾಲಿಗೆ ಇಟ್ಟ ಹಳೆಯ ದಂಡಸಂಹಿತೆಯೂ ನನ್ನದೇ.

ಸಂಜೆ ಆರಾದ ಮೇಲೆ ಬರುವವರು
ಅಪರಾಧ ಮತ್ತು ನ್ಯಾಯ ಓದುವವರು.
ಜೈಲಿನ ರಾತ್ರಿ ಪಾಳಿಗೆ ಮುಂಚೆ
ಸಮವಸ್ತ್ರದ ಮೇಲೆ ಸ್ವೆಟರ್ ಎಳೆದುಕೊಂಡ ಗ್ಯಾಸ್ಕಿನ್ಸ್.
ಪ್ಯಾಂಟಿನಂಚಿನಡಿ ಹಸಿರು ದೀಪ ಮಿನುಗುವ ಹುಡುಗ,
ಎಂಟಕ್ಕೆ ಮನೆಯಲ್ಲಿರಬೇಕು, ಏಳೂವರೆಗೇ ಚಡಪಡಿಸುತ್ತಾನೆ.
ಇಬ್ಬರೂ ಒಂದೇ ಪ್ರಿಂಟರಿನ ಮುಂದೆ ಸರದಿ ನಿಲ್ಲುತ್ತಾರೆ,
ನೀವು ಮೊದಲು, ಇಲ್ಲ ನೀವು ಮೊದಲು.

ಎಲ್ಲರಿಗೂ ಅದೇ ಲೆಕ್ಕ: ಐದು ಆಕರ,
ಐದೂ ವಿದ್ವಾಂಸರು ಪರಿಶೀಲಿಸಿದವು, ಗುರುವಾರದೊಳಗೆ.

ನಾನು ಹೇಳಿಕೊಡುವುದು ಮೂರೇ ಮಾತು:
ಮತ್ತು, ಅಥವಾ, ಅಲ್ಲ.
'ಮತ್ತು' ಬಲೆಯನ್ನು ಕಿರಿದು ಮಾಡುತ್ತದೆ.
'ಅಥವಾ' ಧಾರಾಳಿ, ಬಂದವರಿಗೆಲ್ಲ ಚಾಪೆ ಹಾಸುತ್ತದೆ.
'ಅಲ್ಲ' ಎಂಬುದನ್ನು ಜೋಪಾನವಾಗಿ ಬಳಸಿ,
ಬೇಡದ್ದರ ಜೊತೆ ಬೇಕಾದದ್ದೂ ಆಚೆ ಹೋಗುತ್ತದೆ.
ಗ್ಯಾಸ್ಕಿನ್ಸ್ ಬರೆದುಕೊಳ್ಳುತ್ತ ಒಮ್ಮೆ ಅಂದ:
ನಮ್ಮಲ್ಲಿ ಬಹುಪಾಲು ಜನ 'ಅಲ್ಲ'ದಿಂದಲೇ ಬಂದವರು.

ಅಕ್ಟೋಬರಿನಲ್ಲಿ ಓಲೀತಾ ಕ್ರಂಬ್ಲಿ ಬಂದಳು.
ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಐವತ್ತೆಂಟು ವಯಸ್ಸು,
ಬ್ಲೀಚಿಗೆ ಬಿಳಿಚಿದ ಉಗುರು.
ವಿಷಯ: ವಿಚಾರಣೆಯಿಲ್ಲದೆ ತಪ್ಪೊಪ್ಪಿಗೆ.
ಲೇಖನಗಳು ಸಿಕ್ಕವು, ಹಾಸಿ ಹೊದೆಯುವಷ್ಟು.
ಸರಕಾರದ ಅಂಕಿಅಂಶದ ಕೋಷ್ಟಕವೂ ಸಿಕ್ಕಿತು.
ಆ ವರ್ಷದ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:
ಇದರಲ್ಲಿ ನನ್ನ ತಮ್ಮ ಎಷ್ಟನೆಯವನು?

ತೀರ್ಪುಗಳ ಭಂಡಾರ ತೆರೆದೆವು.
ಲೆಮ್ಯುಯೆಲ್ ಕ್ರಂಬ್ಲಿ, ಸಾವಿರದ ಒಂಬೈನೂರ ಎಂಬತ್ಮೂರು.
ಸೊನ್ನೆ ಫಲಿತಾಂಶ.
ದಯವಿಟ್ಟು ಕಾಗುಣಿತ ಪರೀಕ್ಷಿಸಿ, ಅಂದಿತು ಪರದೆ.
ಕಾಗುಣಿತ ಸರಿಯಾಗಿದೆ, ಅಂದಳು ಓಲೀತಾ,
ಅಮ್ಮ ಬೈಬಲ್ ನೋಡಿ ಬರೆಸಿದ್ದು.

ಹೇಗೆ ಹೇಳಲಿ?
ಆ ಭಂಡಾರದಲ್ಲಿರುವುದು ಮೇಲಿನ ಕೋರ್ಟುಗಳ ಮಾತು.
ಸೋತು, ಮತ್ತೆ ಮೆಟ್ಟಿಲು ಹತ್ತಿದವರಿಗೆ ಅಲ್ಲಿ ಪುಟವಿದೆ.
ಸೋತು ಸುಮ್ಮನಾದವರಿಗೆ ಇಲ್ಲ.
ಮೇಲ್ಮನವಿಗೆ ಮೂವತ್ತು ದಿನ ಇತ್ತು,
ವಕೀಲರಿಗೆ ಕೊಡಲು ಆಗ ಮನೆಯಲ್ಲಿ ಇದ್ದದ್ದು
ಒಂದು ಹೊಲಿಗೆ ಯಂತ್ರ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ಬೇಕು.
ಕನ್ನಡಿ ಬೇಕು, ಅದರ ಪ್ರಕಾಶಕರು ಬೇಕು,
ಪುಟಸಂಖ್ಯೆ ಬೇಕು, ನೋಡಿದ ದಿನಾಂಕ ಬೇಕು.

ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟೆ:
ಜಿಲ್ಲಾ ನ್ಯಾಯಾಲಯ, ದಾಖಲೆ ಕೋಣೆ, ಹಿಂಬಾಗಿಲು.
ಪುಟಕ್ಕೆ ಇಷ್ಟು ಸೆಂಟು, ಚಿಲ್ಲರೆ ಒಯ್ಯಿರಿ.
ಅವರು ಇಲ್ಲವೆಂದರೆ ಇನ್ನೊಮ್ಮೆ ಕೇಳಿ.

ಮೂರು ಸಲ ಕೇಳಿದಳಂತೆ.
ಹನ್ನೊಂದು ಪುಟ ತಂದಳು, ಲಾಂಡ್ರಿಯ ಪ್ಲಾಸ್ಟಿಕ್ ಚೀಲದಲ್ಲಿ.
ಅಂಚು ಮಡಚಿಕೊಳ್ಳದಂತೆ ಗ್ಯಾಸ್ಕಿನ್ಸ್ ಹಿಡಿದುಕೊಂಡ,
ಸ್ಕ್ಯಾನರಿನ ಬೆಳಕು ಒಂದೊಂದಾಗಿ ಸವರಿ ಹೋಯಿತು.
ನ್ಯಾಯಾಧೀಶರ ಮಾತು ಉದ್ದುದ್ದ.
ಲೆಮ್ಯುಯೆಲನದು ಹದಿನಾಲ್ಕು ಸಲ 'ಹೌದು ಸರ್',
ಒಂದು ಸಲ 'ಏನಂದಿರಿ?'
ಆ ಸಾಲಿನ ಹತ್ತಿರ ಅವಳು ಕನ್ನಡಕ ತೆಗೆದಳು,
ಒರೆಸಿದಳು, ಮತ್ತೆ ಹಾಕಿಕೊಂಡಳು.

ಆಕರ ಬರೆಯುವ ಕೈಪಿಡಿಯಲ್ಲಿ ಹುಡುಕಿದೆವು,
ಲೇಖಕರ ಜಾಗದಲ್ಲಿ ಯಾರ ಹೆಸರು?
ಕೊನೆಗೆ ಬರೆದದ್ದು:
ಓಹಾಯೋ ರಾಜ್ಯ ವಿರುದ್ಧ ಕ್ರಂಬ್ಲಿ.
ಒಂದು ಇಡೀ ರಾಜ್ಯ, ಅಂದಳು,
ಅವನಿಗೆ ಆಗ ಹತ್ತೊಂಬತ್ತು.

ನವೆಂಬರಿನಲ್ಲಿ ಅಂಕ ಬಂತು. ಸ್ವಲ್ಪ ಕಡಿತ.
ಅಂಚಿನಲ್ಲಿ ಕೆಂಪು ಶಾಯಿ:
ಐದನೆಯ ಆಕರ ಯಾರೂ ಪರಿಶೀಲಿಸಿದ್ದಲ್ಲ.

ಮೇಷ್ಟ್ರು ಹೇಳಿದ್ದು ಸರಿಯೇ, ಅಂದಳು ಓಲೀತಾ
ಕೋಟಿನ ಗುಂಡಿ ಹಾಕಿಕೊಳ್ಳುತ್ತ,
ನಲವತ್ತು ವರ್ಷ
ಯಾರೂ ಪರಿಶೀಲಿಸಲಿಲ್ಲ.