ಹಗುರಾಗುವುದು ಪುಕ್ಕಟೆ

ಕುರ್ಲಾದ ಗುಜರಿಯಿಂದ ಟೆಂಪೋದ ಬೆನ್ನೇರಿ ಬಂತು
ಭೋಸರಿಗೆ, ನಿವೃತ್ತಿಯವರ ಶೆಡ್ಡಿಗೆ,
ಇಪ್ಪತ್ತೆರಡು ವರ್ಷ ಮುಂಬಯಿ ಹೊತ್ತ ಫಿಯಟ್ಟು.
ಕಪ್ಪು ಮೈ, ಹಳದಿ ನೆತ್ತಿ,
ಬಾಗಿಲ ಹಿಡಿಯಲ್ಲಿ ಸಾವಿರ ಅಂಗೈಗಳ ಜಿಡ್ಡು.

ನಿವೃತ್ತಿ ಘೋರ್ಪಡೆ. ಮರಾಠಿಯಲ್ಲಿ ಅದು ಸಂತರ ಹೆಸರು.
ನನ್ನ ಕನ್ನಡದ ಕಿವಿಗೆ ಮಾತ್ರ ದಿನವೂ ನಗು:
ಎಪ್ಪತ್ತೊಂದರಲ್ಲೂ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವ
ನಿವೃತ್ತಿ.

"ಎಷ್ಟಿದೆ?" ಅಂದರು.
ಭಿಶಿಯಲ್ಲಿ ಮೊದಲ ಚೀಟಿಯನ್ನೇ ನಷ್ಟಕ್ಕೆ ಎತ್ತಿದ್ದು,
ಟೂಲ್‌ರೂಮಿನ ಓವರ್‌ಟೈಮು, ಎಲ್ಲ ಹೇಳಿದೆ.
ಬೀಡಿ ಆರಿಸಿ ಕಿವಿಯ ಮೇಲಿಟ್ಟುಕೊಂಡರು.
"ಇಷ್ಟರಲ್ಲಿ ಕುದುರೆ ಕೂಡಿಸಲಾಗದು ತಾಯಿ.
ಇರುವುದು ನಲವತ್ತು, ಅದರಲ್ಲೂ ಹತ್ತು ಕುಂಟು.
ಭಾರ ಕಳೆಯಬಹುದು. ಹಗುರಾಗುವುದು ಪುಕ್ಕಟೆ."

ಹಗಲೆಲ್ಲ ಮೈಕ್ರೊಮೀಟರ್ ಹಿಡಿದು
ಪರರ ಗೇರುಗಳಲ್ಲಿ ಕೂದಲೆಳೆಯ ತಪ್ಪು ಹುಡುಕುವವಳು
ರಾತ್ರಿ ಉಳಿ ಸುತ್ತಿಗೆಯಲ್ಲಿ ಡಾಂಬರು ಕೆತ್ತಿದೆ.
ಡಿಕ್ಕಿಯ ಗ್ಯಾಸ್ ಸಿಲಿಂಡರು ಮಾರಿ ಬ್ರೇಕಿನ ಲೈನಿಂಗು ಬಂತು.
"ಓಡುವುದರಲ್ಲಿ ಜಿಪುಣತನ ಮಾಡು,
ನಿಲ್ಲುವುದರಲ್ಲಿ ಬೇಡ."
ಹೆಲ್ಮೆಟ್ಟು, ಬೆಲ್ಟು, ತಲೆ ಕಾಯುವ ಕೊಳವೆಗಳ ಪಂಜರ,
ಹೊಸದೆಂದರೆ ಇಷ್ಟೇ. ಬಳೆ ಮಾರಿದ್ದು ಇದಕ್ಕೆ.

ಹಿಂದಿನ ಸೀಟು ಎತ್ತಿದಾಗ ಕೆಳಗೊಂದು ಊರಿತ್ತು:
ಎಂಟಾಣೆ, ಒಡೆದ ಹಸಿರು ಗಾಜು, ಕಡಲೆ ಸಿಪ್ಪೆ,
ದಾದರಿನ ಟಿಕೆಟ್ಟು, ಯಾರದೋ ಎಕ್ಸ್‌ರೇ ರಸೀದಿ,
ಒಂದೇ ಒಂದು ಮಗುವಿನ ಬೂಟು.
ತೂಗಿದೆ. ನೂರಾ ಹತ್ತು ಗ್ರಾಂ.
"ಅದನ್ನೂ ತೆಗಿ."
ತೆಗೆದೆ. ಬೂಟು ನನ್ನ ಟಿಫಿನ್ ಚೀಲ ಸೇರಿತು;
ಚೀಲ ಕಾರಿನ ಲೆಕ್ಕಕ್ಕಿಲ್ಲ.

ಮನೆಯಲ್ಲಿ ಹೇಳಿದ್ದು: ಹಳೆ ಕಾರು, ಎಲ್ಲರೂ ಓಡಾಡಲಿಕ್ಕೆ.
ಅತ್ತೆ ಸಿಂದಗಿಯವರು, ಸುಮ್ಮನೆ ಬಿಡುವವರಲ್ಲ.
"ಮನಿಮಂದಿ ಎಲ್ಲಿ ಕೂಡಬೇಕವಾ? ಹಿಂದಿನ ಸೀಟ ಎಲ್ಲೈತಿ?"
ಸೀಟು ಬಾಲ್ಕನಿಗೆ ಬಂತು.
ಈಗ ಅದರ ಮೇಲೆ ಕಾಲು ಮಡಚಿ ಹಸಿ ಕಡಲೆ ಬಿಡಿಸುತ್ತಾರೆ
ಹೊರಗೆ ನೋಡುತ್ತ,
ಎಲ್ಲಿಗೋ ಹೊರಟವರ ಹಾಗೆ.

ಎಲ್ಲ ಕಳಚಿದ ಮೇಲೆ ನಿವೃತ್ತಿಯವರು
ಗೋಣಿತಟ್ಟಿನಲ್ಲಿ ಸುತ್ತಿದ್ದ ಹಳೆ ಕಬ್ಬಿಣದ ಮೀಟರನ್ನು
ತಾವೇ ಒರೆಸಿ, ಎಣ್ಣೆ ಬಿಟ್ಟು, ಎಡಗಡೆ ಬಿಗಿದರು.
ಎರಡೂವರೆ ಕಿಲೋ.
ನಾನು ಏನೂ ಕೇಳಲಿಲ್ಲ.

ಚಾಕಣ ದಾಟಿದರೆ, ಕಾರ್ಖಾನೆ ಬರಬೇಕಿದ್ದು ಬಾರದೆ ಉಳಿದ ಬಯಲು.
ಸುಣ್ಣದ ಗೆರೆ, ಟೈರುಗಳ ಸಾಲು, ಹಳೆ ಗಾಡಿಗಳ ವರ್ಗದಲ್ಲಿ ಆರು ಮಂದಿ.
ಕೆಂಪು ಕಾರೊಂದು ಲಾರಿಯಲ್ಲಿ ಕೂತು ಬಂದಿತ್ತು,
ಅದಕ್ಕೆ ಕೊಡೆ ಹಿಡಿಯಲು ಒಬ್ಬ ಹುಡುಗ.
ನಮ್ಮದು ತನ್ನ ಕಾಲ ಮೇಲೆ ಬಂತು,
ಎಡ ಸೀಟಿಲ್ಲದ ಕಡೆ ಸ್ಟೆಪ್ನಿಯ ಮೇಲೆ ನಿವೃತ್ತಿ.

ಬಾವುಟ ಬೀಳುವ ಮುಂಚೆ ಅವರು ಇಳಿದು, ಹೊರಗಿನಿಂದ
ಮೀಟರಿನ ಕಿವಿ ತಿರುವಿದರು. ಕಿಣ್.

ನಾಲ್ಕು ಸುತ್ತು. ಸ್ಟೀರಿಂಗ್ ಪಕ್ಕದ ಗೇರು
ಎರಡರಿಂದ ಮೂರಕ್ಕೆ ಹೋಗಲು ಓಲೈಸಿಕೊಳ್ಳುತ್ತದೆ.
ಧೂಳು ಹಲ್ಲಿಗೆ ಬಂತು. ಯಾರನ್ನೋ ಹಿಂದೆ ಹಾಕಿದೆ,
ಹೌದು, ನಾನೇ, ಕೂಗಿದ್ದು ಹೆಲ್ಮೆಟ್ಟಿನೊಳಗೇ ಉಳಿಯಿತು.
ಮೂರನೆಯ ಸುತ್ತಿನ ಎಡ ತಿರುವಿನಲ್ಲಿ
ಬಾಲ ಹಾರಿತು.
ಒತ್ತಿ ಹಿಡಿಯಲು ಹಿಂದೆ ಯಾರೂ ಇರಲಿಲ್ಲ:
ಬಳೆಯವಳಿಲ್ಲ, ಎಕ್ಸ್‌ರೇಯವನಿಲ್ಲ,
ಮಗುವಿಲ್ಲ.
ಆಕಾಶ ಒಮ್ಮೆ ಪೂರ್ತಿ ಸುತ್ತಿ ಅಲ್ಲೇ ಬಂದು ನಿಂತಿತು.
ಎಂಜಿನ್ ಮಾತ್ರ, ಹಳೆ ಚಾಲಾಕು,
ಸಿಗ್ನಲ್ಲಿನಲ್ಲಿ ನಿಂತ ಹಾಗೆ ಗುಣುಗುತ್ತಿತ್ತು.

ಐದನೆಯವಳು.

ರಾತ್ರಿ ಮನೆಗೆ ಬಂದಾಗ ಬಾಲ್ಕನಿಯಲ್ಲಿ
ಸೀಟಿನ ಮೇಲೆ ಅತ್ತೆ, ಮಡಿಲಲ್ಲಿ ಸಿಪ್ಪೆ.
ನನ್ನ ಕೂದಲ ಧೂಳು ನೋಡಿದರು, ಖಾಲಿ ಕೈ ನೋಡಿದರು.
"ಎಷ್ಟಾತು?"

ಮೀಟರಿನಲ್ಲಿ ಎರಡು ರೂಪಾಯಿ ಇಪ್ಪತ್ತು ಪೈಸೆ.
ಆದರೆ ಅಲ್ಲಿಯ ಅಂಕಿ ಬೇರೆ, ಕೊಡುವ ದುಡ್ಡು ಬೇರೆ.
ಗುಣಿಸಿ ಹೇಳುವ ಕಾರ್ಡೊಂದು ಇರುತ್ತಿತ್ತಂತೆ
ಡ್ರೈವರನ ಜೇಬಿನಲ್ಲಿ.