ಬ್ಯಾಲರಾಟ್‌ಗೆ ಬರುವ ನಾಲ್ವರಿಗೆ

ಮೊದಲು ಬೂಟು.
ಮುಳ್ಳುಬೂಟಿನ ಅಡಿಯನ್ನು
ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತಿಕ್ಕಿ,
ಇಳಿಯುವ ನೀರು ಕೆಂಪಗಿರುವ ತನಕ ತಿಕ್ಕುತ್ತಲೇ ಇರಿ.
ಇಲ್ಲಿಯವರಿಗೆ ನಮ್ಮ ಮೇಲೆ ಅನುಮಾನವಿಲ್ಲ,
ನಮ್ಮ ಮಣ್ಣಿನ ಮೇಲೆ.
ನಾನು ಬಂದ ದಿನ, ಮೂವತ್ತೊಂದು ವರ್ಷದ ಕೆಳಗೆ,
ನನ್ನ ಲೇಸಿನ ಸಂದಿಯಿಂದ ಒಂದೇ ಒಂದು ಹುಲ್ಲುಬೀಜವನ್ನು
ಚಿಮಟದಲ್ಲಿ ಹಿಡಿದೆತ್ತಿ ಬೆಳಕಿಗೆ ತೋರಿಸಿದ್ದರು,
ನಾನೇ ಹೆತ್ತದ್ದೇನೋ ಎಂಬಂತೆ.

ಆಮೇಲೆ ವಿಮಾನದಲ್ಲಿ ಕೊಡುವ ಕಾರ್ಡು.
ತಿನ್ನುವ ಸಾಮಾನು ಇದೆಯೇ? ಇದೆ ಅನ್ನಿ.
ಮರದ್ದು ಏನಾದರೂ?
ಖುರ್ಷಿದಾ, ನಿನ್ನ ತಸ್ಬಿಯ ಮಣಿಗಳು ಮರದ್ದೇ. ಇದೆ ಅನ್ನು.
ಇದೆ ಅಂದವರನ್ನು ಒಂದಿಷ್ಟು ಹೊತ್ತು ನಿಲ್ಲಿಸಿ, ನೋಡಿ, ಬಿಡುತ್ತಾರೆ.
ಇಲ್ಲ ಅಂದು ಸಿಕ್ಕಿಬಿದ್ದರೆ
ಆ ದಂಡದ ದುಡ್ಡಲ್ಲಿ ಫ್ರಿಜ್ಜೇ ಕೊಳ್ಳಬಹುದು.

ದಾಕ್ಷಾಯಣಮ್ಮ, ಉಪ್ಪಿನಕಾಯಿ ಜಾಡಿ ಅಲ್ಲೇ ಇರಲಿ.
ಬೀಜ ಅನ್ನಿಸಿಕೊಳ್ಳುವ ಯಾವುದೂ ಬೇಡ, ಮೆಂತ್ಯ ಕೂಡ.
ಡ್ಯಾಂಡೆನಾಂಗಿನ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ,
ರುಚಿ ಒಂದನ್ನು ಬಿಟ್ಟು.

ಬಿ.ಪಿ. ಮಾತ್ರೆ ಡಬ್ಬಿಗೆ ಸುರಿಯಬೇಡಿ, ಪಟ್ಟಿಯಲ್ಲೇ ಇರಲಿ.
ಜೊತೆಗೆ ಡಾಕ್ಟರ ಚೀಟಿ,
ಓದಲು ಬರುವ ಅಕ್ಷರದಲ್ಲಿ. ಅವರಿಂದ ಅದು ಆಗದಿದ್ದರೆ
ಟೈಪು ಮಾಡಿಸಿ ಸಹಿ ಹಾಕಿಸಿ.

ಬೊಳ್ಳವ್ವ, ಈಟಿ ತರಬೇಡ ಮಾರಾಯ್ತಿ!
ಮೈದಾನದಲ್ಲೇ ಕೊಡುತ್ತಾರೆ, ಐನೂರು ಗ್ರಾಮಿನದು.
ದೇವನಹಳ್ಳಿಯ ಕೌಂಟರಿನ ಮುಂದೆ
ಆಳೆತ್ತರದ ಆಯುಧ ಹಿಡಿದು
ಇದು ಆಟಕ್ಕೆ ಅಂತ ಯಾರಿಗೆ ಹೇಳುತ್ತೀ?

ಇನ್ನು ಫೆಲ್ಸಿಬಾಯಿ.
ಹುಟ್ಟಿದಾಗಿನಿಂದ ಎರಡು ವರ್ಷ ಕಮ್ಮಿಯೇ ಹೇಳಿದವಳು
ಈಗ ಎಪ್ಪತ್ತರ ಮೇಲಿನವರ ಗುಂಪಿಗೆ ಸೇರಲು
ಚರ್ಚಿನ ಹಳೇ ಪುಸ್ತಕ ತೆಗೆಸಿದಳಂತೆ.
ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಇರಲಿ ತಾಯಿ.

ಅಕ್ಟೋಬರು ಇಲ್ಲಿ ವಸಂತ, ಹೆಸರಿಗೆ.
ಬೆಳಗಿನ ಓಟದ ಹೊತ್ತಿಗೆ ನಾಲ್ಕು ಡಿಗ್ರಿ,
ಮಧ್ಯಾಹ್ನ ಬೆವರು, ಸಂಜೆ ಆಲಿಕಲ್ಲು ಬಿದ್ದರೂ ಬಿತ್ತು.
ಉಣ್ಣೆ ಬನೀನು ಎರಡೆರಡು. ಒಂದು ಗಟ್ಟಿ ಟೋಪಿ.
ಟೋಪಿ ಚಳಿಗಲ್ಲ, ಮ್ಯಾಗ್‌ಪೈಗೆ.
ಮರಿಯಿಟ್ಟ ಕಾಲ. ವೆಂಡೂರಿ ಕೆರೆಯ ಸುತ್ತ ನಡೆಯುವಾಗ
ಹಿಂದಿನಿಂದ ಹಾರಿಬಂದು ನೆತ್ತಿಗೆ ಕುಕ್ಕುತ್ತದೆ.
ಆಗ ಓಡಬಾರದು, ಮೆಲ್ಲಗೆ ನಡೆಯಬೇಕು.
ಓಡಲೆಂದೇ ಸಮುದ್ರ ದಾಟಿ ಬರುವವರಿಗೆ
ಈ ಮಾತು ಹೇಗೆ ಹೇಳಲಿ!

ಪ್ಲಗ್ಗಿನ ಕಾಲು ಇಲ್ಲಿ ಓರೆ, ಅಡಾಪ್ಟರು ತನ್ನಿ.
ನಲ್ಲಿ ನೀರು ಕುಡಿಯಬಹುದು.
ರಸ್ತೆಯಲ್ಲಿ ಎಡಗಡೆಯೇ, ನಮ್ಮ ಹಾಗೆ,
ಆದರೆ ಗುಂಡಿ ಒತ್ತಿ ಕಾಯಬೇಕು,
ಒಂದು ಕಾರೂ ಇಲ್ಲದಿದ್ದರೂ.

ಒಂದು ವಿಷಯ.
ಎಪ್ಪತ್ಮೂರರಲ್ಲಿ, ದಾವಣಗೆರೆಯಲ್ಲಿ, ರಿಲೇ ದಿನ
ನೀವು ನಾಲ್ವರು, ನಾನು ಐದನೆಯವಳು.
ಬೆಂಚಿನ ಮೇಲೆ ಕೂತು
ನಿಮ್ಮ ಬಳೆ, ವಾಚು, ಖುರ್ಷಿದಾಳ ಬುರ್ಖಾ
ಎಲ್ಲ ಮಡಿಲಲ್ಲಿ ಹಿಡಿದಿದ್ದೆ.
ಯಾರ ಕಾಲೂ ಉಳುಕಲಿಲ್ಲ.
ಉಳುಕಲಿ ಅಂತ
ಬೊಳ್ಳವ್ವ ಮೂರನೇ ತಿರುವಿಗೆ ಬಂದಾಗ
ಒಂದು ಕ್ಷಣ ಅನ್ನಿಸಿತ್ತೇ ಎಂದು
ಯಾವ ಕಾರ್ಡೂ ನನ್ನನ್ನು ಕೇಳಿಲ್ಲ.
ಇದೆ ಅನ್ನುತ್ತೇನೆ.

ನಿಲ್ಲಿಸಿ ನೋಡುವುದಿದ್ದರೆ ನೋಡಿ.
ಟಲ್ಲಮರೀನ್‌ನಲ್ಲಿ, ಬಾಗಿಲಿನ ಆಚೆ ಬದಿ,
ಆಸ್ಪತ್ರೆ ಲಾಂಡ್ರಿಯ ಹಳದಿ ಕೋಟು ಹಾಕಿ
ಅಂಬುಜಾಕ್ಷಿ ನಿಂತಿರುತ್ತಾಳೆ.
ಮೈದಾನದಲ್ಲಿ ಲಾಕರು ಇದೆ, ದಿನಕ್ಕೆ ನಾಲ್ಕು ಡಾಲರು.
ನಾಲ್ಕು ಡಾಲರು ಯಾಕೆ ಸುಮ್ಮನೆ.

ಪೇಸ್ಟು ತರಬೇಡಿ, ಮನೆಯಲ್ಲಿದೆ.
ಬ್ರಷ್ಷು ಮಾತ್ರ ಹೊಸದು ತನ್ನಿ.
ಹಳೆಯದು ಬೂಟಿಗೆ ಹೋಯಿತಲ್ಲ.