ಮೇಜಿನ ಕೆಳಗೆ

ಲೋವೆಲ್‌ನ ಹಳೆಯ ಬಟ್ಟೆಗಿರಣಿಯ ಹಿಂದೆ
ಚರ್ಚಿನ ನೆಲಮಾಳಿಗೆಯಲ್ಲಿ
ಒಂಬತ್ತು ಜನ ನಾವು, ಮಕ್ಕಳ ಕುರ್ಚಿಗಳಲ್ಲಿ
ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದೇವೆ.
ಹೊರಗೆ ಫೆಬ್ರವರಿ. ಒಳಗೆ ಹೀಟರಿಗೆ ಕೆಮ್ಮು.

ಕಲಿಸಬಂದವಳು ಮರೆನ್, ನನ್ನ ಕೊನೆಯ ಮಗಳಿಗಿಂತ ಚಿಕ್ಕವಳು.
ಗೋಡೆಗೆ ಆರು ಮುಖಗಳ ಹಾಳೆ ಅಂಟಿಸಿದ್ದಾಳೆ.
ಆರೇ ಮುಖ!
ಸಿಟ್ಟು ಇದೆ, ಮುನಿಸು ಇಲ್ಲ.
ಅಳು ಇದೆ, ಅಳು ನುಂಗಿಕೊಂಡದ್ದು ಇಲ್ಲ.
'ಮಗು ಮಾಡಿದ್ದನ್ನಷ್ಟೇ ಅಲ್ಲ,
ಅದರ ಹಿಂದಿರುವುದನ್ನೂ ನೋಡಿ' ಎಂದಳು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು, ಡುವಾರ್ಟೆ,
ಹಿಂದಿರುವುದನ್ನೆಲ್ಲ
ಅಂಗೈಯಗಲದ ಕನ್ನಡಿಯಲ್ಲಿ ನೋಡಿಯೇ ನಿವೃತ್ತನಾದವನು.
ನನಗೇನು ಹೇಳುತ್ತೀ ತಾಯಿ, ಅಂದುಕೊಂಡೆ.

ಆಮೇಲೆ ಜೋಡಿ ಆಟ. ಒಬ್ಬರು ಮಗು, ಒಬ್ಬರು ದೊಡ್ಡವರು.
ನನ್ನ ಜೋಡಿ ಚನ್ನಾರಿ,
ನಾಲ್ಕು ವರ್ಷದಿಂದ ಸೇಬು ಹೆಚ್ಚಿ ಹಂಚುವವಳು.
ನಾಲ್ಕು ವರ್ಷದಲ್ಲಿ ನಾವಾಡಿದ ಮಾತು
ಒಂದು ಟಿಕೆಟ್ಟಿನ ಹಿಂದೆ ಬರೆಯುವಷ್ಟು.
ಅವಳ ಚೀಟಿಯಲ್ಲಿತ್ತು:
'ನನ್ನನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಬಣ್ಣದ ಡಬ್ಬಿ ಎಸೆಯುತ್ತೇನೆ.'

ಎಸೆದಳು.
ನಟನೆಗೆ ಅಷ್ಟು ಜೋರು ಬೇಕಿರಲಿಲ್ಲ.
ನಲವತ್ತೆಂಟು ಕಡ್ಡಿ ನೆಲದ ತುಂಬ ಉರುಳಿದವು.

ನನ್ನ ಚೀಟಿ ನೋಡಿ ಓದಿದೆ:
'ನಿನಗೆ ಬೇಸರವಾಗಿದೆ ಅಂತ ಕಾಣುತ್ತದೆ.'
ಮುಂದಿನ ನಿಲ್ದಾಣ ಬೇಸರ, ಇಳಿಯುವವರು ಮುಂದೆ ಬನ್ನಿ,
ಅಂದ ಹಾಗೆಯೇ ಕೇಳಿಸಿತು ನನಗೂ.
ಚನ್ನಾರಿ ನನ್ನನ್ನು ನೋಡಿದಳು.
'ಬೇಸರ ಅಲ್ಲ' ಎಂದಳು.
ಚೀಟಿಯಲ್ಲಿಲ್ಲದ ಮಾತು ಅದು.
ಐವತ್ತೆಂಟರ ಹೆಂಗಸು, ಸೆರಗಿಲ್ಲದ ಸ್ವೆಟರು ಎಳೆದುಕೊಂಡು
ಮೇಜಿನ ಕೆಳಗೆ ಹೋಗಿ ಕೂತೇಬಿಟ್ಟಳು.

ಯಾಕೆಂದು ಅವಳು ಹೇಳಲಿಲ್ಲ.
ನಾನು ಕೇಳಲೂ ಇಲ್ಲ.
ಮರೆನ್ ಬಾಯಿ ತೆರೆದವಳು ಮುಚ್ಚಿಕೊಂಡಳು,
ಇವತ್ತಿನ ಪಾಠದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಎಡ ಮಂಡಿ ಲಟಕ್ಕೆಂದಿತು, ಬಲ ಮಂಡಿ ಬೈಯಿತು,
ಹಾಗೂ ಹೀಗೂ ನಾನೂ ಇಳಿದೆ.
ಕೆಳಗೆ ಕತ್ತಲು. ಒಣಗಿದ ಚೂಯಿಂಗ್ ಗಮ್ಮು.
ಚನ್ನಾರಿ ಬೆರಳು ಮೇಲೆ ಮಾಡಿ ತೋರಿಸಿದಳು.

ಹಲಗೆಯ ಅಡಿಮೈ ತುಂಬ ಬೂಟುಗಳು.
ಬಣ್ಣದ ಕಡ್ಡಿಯಲ್ಲಿ ಬರೆದ ಒಂಬತ್ತು ಜೊತೆ,
ಕೆಳಗೆ ಒಂದೊಂದಕ್ಕೂ ಹೆಸರು,
ಕನ್ನಡಿಯಲ್ಲಿ ಕಂಡಂತೆ ತಿರುಗಿನಿಂತ ಅಕ್ಷರಗಳು.
ಒಡೈರನ ಕೈಬರಹ.
ದಿನಾ ಮೂರೂಕಾಲಿಗೆ ಇಲ್ಲಿ ನುಗ್ಗುವ ಹುಡುಗ,
ದಿನಾ ಮೂರೂವರೆಗೆ ನಾನು ತೋಳು ಹಿಡಿದು
ಹೊರಗೆಳೆಯುವ ಹುಡುಗ.

ಚನ್ನಾರಿಯ ಚಪ್ಪಲಿಯ ಮೇಲೆ ಒಂದು ಹೂ.
ಪಕ್ಕದಲ್ಲೊಂದು ಕರಿ ಬೂಟು, ಲಾಡಿ ಬಿಚ್ಚಿದೆ,
ಮುಂಭಾಗ ಬಾಯಾಗಿ ಸೀಳಿದೆ,
ಬಾಯಿ ತುಂಬ ಹಲ್ಲು.
ಹೆಸರು ಓದಬೇಕಾಗಲಿಲ್ಲ.

'ನಿನಗೆ ಗೊತ್ತಿತ್ತೇ?' ಎಂದೆ.
'ನೆಲ ಒರೆಸುವುದು ಯಾರು?' ಎಂದಳು.

ಮೂರು ಗಂಟೆ. ಹಳದಿ ಬಸ್ಸು ಉಸಿರು ಬಿಟ್ಟು ನಿಂತಿತು.
ಚೀಲ, ಟೋಪಿ, ಒದ್ದೆ ಕೈಗವಸು, ಇಪ್ಪತ್ತಾರು ಗಂಟಲು.
ಒಡೈರ್ ಯಾರನ್ನೂ ನೋಡದೆ ನೇರ ಮೇಜಿನಡಿ.

ಬೂಟು ಬಿಚ್ಚಿ ಬಾಗಿಲ ಹತ್ತಿರ ಇಟ್ಟೆ.
ಬಂದು ನೆಲಕ್ಕೆ ಕೂತೆ, ಒಳಗಲ್ಲ,
ಅವನ ಮನೆಯ ಹೊಸ್ತಿಲೆನ್ನಬಹುದಾದ ಜಾಗದಲ್ಲಿ.
ಕಲಿಸಿದ ವಾಕ್ಯ ನಾಲಿಗೆಯ ತುದಿಗೆ ಬಂತು.
ನುಂಗಿದೆ.
ಮೂರೂವರೆ ಆಯಿತು. ಮೂರೂಮುಕ್ಕಾಲು.
ಚನ್ನಾರಿ ಎರಡು ಹೋಳು ಸೇಬು ತಂದಿಟ್ಟು ಹೋದಳು.

'ನಿನ್ನ ಕಾಲುಚೀಲ ತೂತು' ಎಂಬ ದನಿ ಬಂತು ಒಳಗಿಂದ.
'ಹೌದು' ಎಂದೆ.
'ಹೆಬ್ಬೆರಳು ಕಾಣುತ್ತೆ.'
'ಚಳಿ ಅದಕ್ಕೆ.'
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಒಂದು ಹೋಳು ಸೇಬು ಒಳಗೆ ಹೋಯಿತು.

ಶುಕ್ರವಾರದೊಳಗೆ ಮರೆನ್‌ಗೆ ಅರ್ಜಿ ತುಂಬಿ ಕೊಡಬೇಕು.
'ಈ ತರಬೇತಿಯಿಂದ ನೀವು ಕಲಿತದ್ದೇನು?'
ಐದು ಗೆರೆ ಜಾಗ ಬಿಟ್ಟಿದ್ದಾರೆ.
ಹೊಸ ಕಾಲುಚೀಲ ಸದ್ಯಕ್ಕೆ ಬೇಡ,
ಎಂದು ಬರೆದೆ. ನಾಲ್ಕು ಗೆರೆ ಉಳಿದವು.